ಗೆಳೆಯರ ಕಾರ್ಡ್ ಟೂರ್ನಿ: ಡೆಕ್ ಯಾರದ್ದು, ಆಟ ಯಾವುದು, ಸುತ್ತು ಎಷ್ಟು?

ಕಾರವಾರದಿಂದ ಇಬ್ಬರು, ಅಂಕೋಲೆಯಿಂದ ಒಬ್ಬರು, ಶಿರಸಿಯಿಂದ ಮೂವರು, ಭಟ್ಕಳದಿಂದ ಇಬ್ಬರು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಟ್ರೇಡಿಂಗ್ ಕಾರ್ಡ್ ಗೇಮ್ (ಕಾರ್ಡ್ ಕೊಂಡು ಕೂಡಿಸಿ, ತನ್ನದೇ ಕಟ್ಟು ಅಂದರೆ ಡೆಕ್ ಮಾಡಿಕೊಂಡು ಆಡುವ ಆಟ) ಆಡುವವರ ಗುಂಪು ಅಂದರೆ ಹೀಗೇ ಇರುತ್ತದೆ. ಒಂದೇ ಊರಲ್ಲಿ ಎಂಟು ಜನ ಸಿಗುವುದು ಕಷ್ಟ. ಅವರಲ್ಲಿ ಒಬ್ಬರು ಬೆಂಗಳೂರಿನಲ್ಲಿದ್ದಾಗ ಡಬ್ಬಿಗಟ್ಟಲೆ ಮ್ಯಾಜಿಕ್ ಅನ್ನುವ ಆಟದ ಕಾರ್ಡ್ ಕೊಂಡಿರುತ್ತಾರೆ. ಇನ್ನೊಬ್ಬರ ಹತ್ತಿರ ಮಗಳ ಪೋಕೆಮಾನ್ ಕಾರ್ಡುಗಳಿವೆ. ಮತ್ತೊಬ್ಬರು ಇಸ್ಪೀಟಿನಲ್ಲಿ ಗಟ್ಟಿಗರು, ಆದರೆ ಈ ಕಾರ್ಡುಗಳನ್ನು ಮುಟ್ಟಿಯೂ ನೋಡಿಲ್ಲ. ಇಂಥ ಗುಂಪು ಒಂದು ಭಾನುವಾರ ಸೇರಿ ಟೂರ್ನಿ ಆಡಬೇಕು ಅಂದರೆ ಯಾವುದನ್ನು ಮೊದಲು ತೀರ್ಮಾನಿಸಬೇಕು?

ಸಾಮಾನ್ಯವಾಗಿ ಎಲ್ಲರೂ "ಯಾವ ಆಟ" ಅನ್ನುವುದರಿಂದ ಮಾತು ಶುರು ಮಾಡುತ್ತಾರೆ. ನಾನು ಹೇಳುವುದು, ಮೊದಲು "ಡೆಕ್ ಯಾರದ್ದು" ಅಂತ ಕೇಳಿ. ಜಾಸ್ತಿ ದುಡ್ಡು ಹಾಕಿದವರ ಡೆಕ್ಕೇ ಗೆಲ್ಲುವ ಟೂರ್ನಿ ಒಂದು ಸಲ ನಡೆಯುತ್ತದೆ, ಎರಡನೇ ಸಲ ಜನ ಬರುವುದಿಲ್ಲ. ಡೆಕ್ಕಿನ ಪ್ರಶ್ನೆ ಬಗೆಹರಿದರೆ ಆಟವೂ ಸುತ್ತುಗಳ ಲೆಕ್ಕವೂ ಅರ್ಧ ತಾನಾಗೇ ತೀರ್ಮಾನವಾಗುತ್ತದೆ.

ಅವರವರ ಡೆಕ್ಕೋ, ಎಲ್ಲರಿಗೂ ಒಂದೇ ಡಬ್ಬಿಯೋ?

ಅವರವರು ಮನೆಯಿಂದ ಕಟ್ಟಿಕೊಂಡು ಬಂದ ಡೆಕ್ಕಿನಲ್ಲಿ ಆಡುವುದು ಮೊದಲ ದಾರಿ. ಮ್ಯಾಜಿಕ್ ಆದರೆ ಕನಿಷ್ಠ 60 ಕಾರ್ಡ್, ಒಂದೇ ಹೆಸರಿನ ಕಾರ್ಡ್ ನಾಲ್ಕಕ್ಕಿಂತ ಜಾಸ್ತಿ ಇಲ್ಲ (ಬೇರೆ ಕಾರ್ಡ್ ಆಡಲು ಶಕ್ತಿ ಕೊಡುವ ಬೇಸಿಕ್ ಲ್ಯಾಂಡ್‌ಗೆ ಈ ಮಿತಿ ಇಲ್ಲ). ಪೋಕೆಮಾನ್ ಆದರೆ ಸರಿಯಾಗಿ 60, ಅಲ್ಲೂ ನಾಲ್ಕರ ಮಿತಿ, ದಾಳಿಗೆ ಶಕ್ತಿ ಕೊಡುವ ಬೇಸಿಕ್ ಎನರ್ಜಿ ಕಾರ್ಡ್ ಬಿಟ್ಟು. ಯು-ಗಿ-ಓ ಆದರೆ 40ರಿಂದ 60, ಒಂದು ಹೆಸರಿಗೆ ಮೂರು. ತನ್ನದೇ ಡೆಕ್ಕನ್ನು ತಿದ್ದಿ ತೀಡಿ ತಂದು ಆಡುವ ಖುಷಿಯೇ ಬೇರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎಲ್ಲರೂ ಒಂದೇ ಆಟದಲ್ಲಿ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿದ್ದರೆ ಇದನ್ನೇ ಇಟ್ಟುಕೊಳ್ಳಿ. ನಮ್ಮ ಕಡೆ ಅಂಥ ಗುಂಪು ಅಪರೂಪ.

ಅಂತರ ಇದೆ, ಆದರೂ ಸ್ವಂತ ಡೆಕ್ಕೇ ಬೇಕು ಅನ್ನುವವರಿಗೆ ಎರಡು ಉಪಾಯಗಳಿವೆ. ಒಂದು, ಪಾಪರ್: ಮ್ಯಾಜಿಕ್‌ನಲ್ಲಿ ಕಾಮನ್ ದರ್ಜೆಯ, ಅಂದರೆ ಸುಲಭವಾಗಿ ಸಿಗುವ ಕಾರ್ಡ್ ಮಾತ್ರ ಬಳಸುವ ಪದ್ಧತಿ. ಪೋಕೆಮಾನ್‌ನಲ್ಲಿ ಇದಕ್ಕೆ ಹತ್ತಿರದ್ದು ಜಿಮ್ ಲೀಡರ್ ಚಾಲೆಂಜ್. ಅದರಲ್ಲಿ ನಿಮ್ಮ ಪೋಕೆಮಾನ್‌ಗಳೆಲ್ಲ ಒಂದೇ ಬಗೆಯವಾಗಿರಬೇಕು, ಬೇಸಿಕ್ ಎನರ್ಜಿ ಬಿಟ್ಟು ಯಾವ ಕಾರ್ಡೂ ಎರಡು ಇರಬಾರದು, ಹೆಸರಿನ ಕೊನೆಗೆ ಇಎಕ್ಸ್, ವಿ ಅಂತ ಇರುವ ದೊಡ್ಡ ತಲೆಗಳಿಗೆ ಪ್ರವೇಶವಿಲ್ಲ. ಇನ್ನೊಂದು ಉಪಾಯ ಇದಕ್ಕಿಂತ ಸರಳ: ಮೊದಲ ಆಟ ನಿಮ್ಮ ಡೆಕ್ಕಿನಲ್ಲಿ, ಎರಡನೇ ಆಟ ಎದುರಾಳಿಯ ಡೆಕ್ಕಿನಲ್ಲಿ. ಎರಡನ್ನೂ ಗೆದ್ದವರು ಪಂದ್ಯ ಗೆದ್ದ ಹಾಗೆ. ತಲಾ ಒಂದಾದರೆ ಡ್ರಾ. ದುಬಾರಿ ಡೆಕ್ ತಂದವರು ಅದರ ಎದುರೇ ಕೂತು ಆಡಬೇಕಾಗುತ್ತದೆ. ಇದು ನನಗೆ ತುಂಬ ಹಿಡಿಸಿದ ನಿಯಮ. ಆದರೆ ತನ್ನ ಕಾರ್ಡನ್ನು ಬೇರೆಯವರು ಮುಟ್ಟುವುದು ಇಷ್ಟವಿಲ್ಲದವರು ಇರುತ್ತಾರೆ. ಮೊದಲೇ ಕೇಳಿಬಿಡಿ.

ಎರಡನೇ ದಾರಿ ಡ್ರಾಫ್ಟ್. ಮುಚ್ಚಿದ ಪ್ಯಾಕ್ ಒಡೆಯಿರಿ, ಒಂದು ಕಾರ್ಡ್ ತೆಗೆದುಕೊಳ್ಳಿ, ಉಳಿದದ್ದನ್ನು ಪಕ್ಕದವರಿಗೆ ದಾಟಿಸಿ. ಮೂರು ಪ್ಯಾಕ್ ಮುಗಿಯುವ ಹೊತ್ತಿಗೆ ಕೈಯಲ್ಲಿ ನಲವತ್ತರ ಆಸುಪಾಸಿನ ಕಾರ್ಡ್ ಇರುತ್ತದೆ. ಅದರಲ್ಲಿ ಇಪ್ಪತ್ತಮೂರು ಆರಿಸಿ, ಹದಿನೇಳು ಲ್ಯಾಂಡ್ ಸೇರಿಸಿದರೆ 40 ಕಾರ್ಡಿನ ಡೆಕ್ ಸಿದ್ಧ. ಎಲ್ಲರೂ ಬರಿಗೈಯಲ್ಲಿ ಬಂದು ಸಮಾನವಾಗಿ ಶುರು ಮಾಡುತ್ತಾರೆ. ಆದರೆ ಖರ್ಚು ನೋಡಿ. ಎಂಟು ಜನಕ್ಕೆ ಇಪ್ಪತ್ತನಾಲ್ಕು ಪ್ಯಾಕ್ ಬೇಕು. ಅದೂ ನಮ್ಮೂರ ಅಂಗಡಿಯಲ್ಲಿ ಸಿಗುವ ಮಾಲಲ್ಲ, ಆನ್‌ಲೈನ್‌ನಲ್ಲಿ ತರಿಸಬೇಕು. ವರ್ಷಕ್ಕೊಂದು ಸಲ, ದೀಪಾವಳಿಗೋ ಯಾರದಾದರೂ ಹುಟ್ಟಿದ ಹಬ್ಬಕ್ಕೋ ಸರಿ.

ಮೂರನೆಯದು ಕ್ಯೂಬ್. ನಾನು ಎಲ್ಲರಿಗೂ ಹೇಳುವುದು ಇದನ್ನೇ. ಕ್ಯೂಬ್ ಅಂದರೆ ನೀವೇ ಆರಿಸಿ ಒಟ್ಟು ಮಾಡಿದ ಕಾರ್ಡುಗಳ ಒಂದು ದೊಡ್ಡ ಡಬ್ಬಿ. ಅದನ್ನು ಕಲೆಸಿ ಹದಿನೈದರಂತೆ ಎಣಿಸಿ ಪ್ಯಾಕ್ ಮಾಡಿ, ಡ್ರಾಫ್ಟ್ ಮಾಡಿ ಆಡುವುದು. ಆಟ ಮುಗಿದ ಮೇಲೆ ಎಲ್ಲ ಕಾರ್ಡೂ ಡಬ್ಬಿಗೆ ವಾಪಸ್. ಒಬ್ಬರಿಗೆ 45 ಕಾರ್ಡಿನ ಲೆಕ್ಕದಲ್ಲಿ ಎಂಟು ಜನಕ್ಕೆ 360 ಬೇಕು, ನಾಲ್ವರಿಗೆ 180 ಸಾಕು. ಮ್ಯಾಜಿಕ್‌ನಲ್ಲಿ ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಅಂತ ಐದು ಬಣ್ಣ ಇದೆ. ಒಬ್ಬೊಬ್ಬರೂ ಬಣ್ಣಕ್ಕೆ ಒಂಬತ್ತರಂತೆ ಕಾಮನ್ ಕಾರ್ಡ್ ತಂದರೆ ತಲಾ 45 ಆಯಿತು, ನಾಲ್ಕು ಜನ ಸೇರಿದರೆ ಕ್ಯೂಬ್ ಆಯಿತು. ಮನೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಮೂಲೆಗೆ ಸೇರಿಸಿದ ಕಾರ್ಡುಗಳೇ ಇದಕ್ಕೆ ಸಾಕು. ಲ್ಯಾಂಡ್ ಮಾತ್ರ ಜಾಸ್ತಿ ಬೇಕು: ಎಂಟು ಜನಕ್ಕೆ ಹದಿನೇಳರಂತೆ 136. ಬಣ್ಣಕ್ಕೆ ಮೂವತ್ತು ಇಟ್ಟುಕೊಂಡರೆ ಎಲ್ಲೂ ಕೊರತೆ ಆಗದು.

ಕ್ಯೂಬ್‌ನ ದೊಡ್ಡ ಗುಣ ಅದು ಬೆಳೆಯುತ್ತದೆ ಅನ್ನುವುದು. ಯಾವ ಕಾರ್ಡ್ ಬಂದರೆ ಆಟ ಏಕಪಕ್ಷೀಯ ಆಗುತ್ತದೋ ಅದನ್ನು ತೆಗೆದು ಹಾಕಿ. ಯಾರೂ ಆರಿಸದೆ ಕೊನೆಗೆ ಉಳಿಯುವ ಕಾರ್ಡಿಗೂ ಬದಲಿ ಹುಡುಕಿ. ಕೆಲವು ಸಲ ಆಡುವಷ್ಟರಲ್ಲಿ ಆ ಡಬ್ಬಿ ನಿಮ್ಮ ಗುಂಪಿನದ್ದೇ ಆಗಿಬಿಡುತ್ತದೆ.

ನಾಲ್ಕನೆಯದು ಕಟ್ಟಿದ ಡೆಕ್ಕನ್ನೇ ಕೊಂಡು ಆಡುವುದು. 2018ರಲ್ಲಿ ಬಂದ ಕೀಫೋರ್ಜ್ ಇದಕ್ಕಾಗಿಯೇ ಹುಟ್ಟಿದ ಆಟ. ಮ್ಯಾಜಿಕ್ ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಅವರೇ ಇದನ್ನೂ ರೂಪಿಸಿದ್ದು. 36 ಕಾರ್ಡಿನ ಡೆಕ್, ಒಂದರಂತೆ ಇನ್ನೊಂದಿಲ್ಲ, ಕಾರ್ಡ್ ಬದಲಿಸುವಂತೆಯೂ ಇಲ್ಲ. ಡಬ್ಬಿ ಒಡೆದು ನೇರ ಆಟಕ್ಕೆ ಕೂರಬಹುದು. ಡೆಕ್ ಕಟ್ಟುವ ತಲೆಬಿಸಿ ಬೇಡ ಅನ್ನುವವರಿಗೆ ಒಳ್ಳೆಯದು. ಇಲ್ಲಿ ಸಿಗುವುದು ಮಾತ್ರ ಕಷ್ಟ.

ಆಟ ಯಾವುದು

1993ರಿಂದ ಇರುವ ಮ್ಯಾಜಿಕ್, 1996ರಲ್ಲಿ ಜಪಾನಿನಲ್ಲಿ ಶುರುವಾದ ಪೋಕೆಮಾನ್, 1999ರ ಯು-ಗಿ-ಓ. ನಮ್ಮ ಕಡೆ ಗೊತ್ತಿರುವವರು ಸಿಗುವುದು ಹೆಚ್ಚಾಗಿ ಈ ಮೂರಕ್ಕೇ.

ಹೊಸಬರು ಅರ್ಧಕ್ಕಿಂತ ಜಾಸ್ತಿ ಇದ್ದರೆ ಪೋಕೆಮಾನ್. ನಿಯಮ ಬೇಗ ತಲೆಗೆ ಹತ್ತುತ್ತದೆ, ಎದುರಾಳಿಯ ಸರದಿಯಲ್ಲಿ ಮಧ್ಯೆ ಬಾಯಿ ಹಾಕುವ ಪ್ರಸಂಗ ಕಡಿಮೆ. ಎದುರಾಳಿಯ ಪೋಕೆಮಾನ್ ಬಿದ್ದಾಗ ಎತ್ತಿಕೊಳ್ಳುವ ಆರು ಪ್ರೈಜ್ ಕಾರ್ಡ್ ಎದುರಿಗೇ ಇರುವುದರಿಂದ ಯಾರು ಮುಂದೆ, ಯಾರು ಹಿಂದೆ ಅಂತ ನೋಡುತ್ತ ಕೂತವರಿಗೂ ಗೊತ್ತಾಗುತ್ತದೆ. ಮಕ್ಕಳನ್ನೂ ಸೇರಿಸಬಹುದು. ಆದರೆ ಇದು ಡ್ರಾಫ್ಟ್‌ಗೆ ಅಷ್ಟು ಒಗ್ಗುವುದಿಲ್ಲ. ಸ್ಟೇಜ್ 1 ಕಾರ್ಡ್ (ಬೇಸಿಕ್ ಪೋಕೆಮಾನ್ ಬೆಳೆದ ರೂಪ, ಅದರ ಮೇಲೇ ಇಡಬೇಕು) ಸಿಕ್ಕಿ ಅದರ ಬೇಸಿಕ್ ಸಿಗದಿದ್ದರೆ ಆ ಕಾರ್ಡ್ ಸುಮ್ನೆ ಭಾರ.

ಇಲ್ಲಿ ಒಂದು ಮಾತು. ಜಾತ್ರೆ ಅಂಗಡಿಗಳಲ್ಲಿ, ಫ್ಯಾನ್ಸಿ ಸ್ಟೋರುಗಳಲ್ಲಿ ಬಂಗಾರದ ಬಣ್ಣದ ಪ್ಲಾಸ್ಟಿಕ್ ಪೋಕೆಮಾನ್ ಕಾರ್ಡ್ ಸಿಗುತ್ತದಲ್ಲ, ಅದು ಅಸಲಿ ಅಲ್ಲ. ಮಕ್ಕಳು ಪ್ರೀತಿಯಿಂದ ಕೂಡಿಟ್ಟ ಕಾರ್ಡನ್ನು "ಇದು ಡುಪ್ಲಿಕೇಟ್" ಅಂತ ಎಲ್ಲರ ಎದುರು ಎತ್ತಿ ಆಚೆ ಇಡಬೇಡಿ. ಆದರೆ ಡೆಕ್ಕಿಗೆ ಸೇರಿಸಲೂ ಬೇಡಿ. ಅದರ ದಪ್ಪ, ಜಾರುವ ಗುಣ ಎರಡೂ ಬೇರೆ. ಕಲೆಸುವಾಗ ಬೆರಳಿಗೇ ಗೊತ್ತಾಗುತ್ತದೆ. ಆ ಮಗುವಿಗೆ ಕಾಮನ್ ಕಾರ್ಡುಗಳ ಒಂದು ಡೆಕ್ ಎರವಲು ಕೊಟ್ಟು ಕೂರಿಸಿ, ಅರ್ಧ ಗಂಟೆಯಲ್ಲಿ ಆಟಕ್ಕೆ ಬಿದ್ದುಬಿಡುತ್ತದೆ.

ಯು-ಗಿ-ಓವನ್ನು ಅದನ್ನೇ ಆಡಿಕೊಂಡು ಬಂದವರು ಮಾತ್ರ ಆರಿಸಿ. ಆಟ ಚೆಂದ. ಆದರೆ ಒಬ್ಬರ ಒಂದೇ ಸರದಿಯಲ್ಲಿ ಹತ್ತಾರು ಕಾರ್ಡ್ ಒಂದರ ಬೆನ್ನಿಗೆ ಒಂದು ಬೀಳುತ್ತವೆ, ಒಂದೊಂದರ ಮೇಲೂ ಸಣ್ಣ ಅಕ್ಷರದಲ್ಲಿ ಪುಟ್ಟ ಪ್ರಬಂಧ. ಹೊಸಬರು ಎದುರಿಗೆ ಕೂತು ನೋಡುವುದೇ ಆಗುತ್ತದೆ. 2005ರ ಕಾಲದ ಕಾರ್ಡುಗಳಲ್ಲಿ ಆಡುವ ಗೋಟ್ ಫಾರ್ಮ್ಯಾಟ್ ಇದೆಯಲ್ಲ, ಅದು ನಿಧಾನ, ಅರ್ಥವಾಗುತ್ತದೆ.

ಮ್ಯಾಜಿಕ್ ಕಲಿಯುವುದು ಪೋಕೆಮಾನ್‌ಗಿಂತ ಕಷ್ಟ. ಇಸ್ಪೀಟಿನಲ್ಲಿ ಇಪ್ಪತ್ತೆಂಟು ಅನ್ನುವ ಆಟ ಆಡಿದವರಿಗೆ ಅಷ್ಟೇನೂ ಕಷ್ಟವಲ್ಲ. ಯಾವ ಎಲೆ ಕೈಯಲ್ಲಿ ಹಿಡಿದಿಡಬೇಕು, ಎದುರಿನವರ ಹತ್ತಿರ ಏನು ಉಳಿದಿರಬಹುದು ಅನ್ನುವ ಲೆಕ್ಕ ಅವರಿಗೆ ಆಗಲೇ ಬಂದಿರುತ್ತದೆ. ವಿಚಿತ್ರ ನಿಯಮಗಳ ಟೂರ್ನಿಗೆ ಮ್ಯಾಜಿಕ್‌ನಷ್ಟು ಬಗ್ಗುವ ಆಟ ಇನ್ನೊಂದಿಲ್ಲ.

ವಿಚಿತ್ರ ಅಂದರೆ ಎಷ್ಟು ವಿಚಿತ್ರ?

ಎಲ್ಲಕ್ಕಿಂತ ಸುಲಭದ್ದು ಪ್ಯಾಕ್ ವಾರ್. ಒಂದು ಪ್ಯಾಕ್ ಒಡೆದು, ಕಾರ್ಡ್ ನೋಡದೆ, ಐದೂ ಬಗೆಯ ಲ್ಯಾಂಡ್ ಮೂರು ಮೂರು ಸೇರಿಸಿ ಕಲೆಸಿ ಆಡುವುದು. ಎಳೆದಾಗಲೇ ನಿಮ್ಮ ಡೆಕ್ಕಿನಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ಹಳಬ, ಹೊಸಬ ಅನ್ನುವ ಅಂತರ ಇಲ್ಲಿ ತುಂಬ ಕಡಿಮೆ. ತಡವಾಗಿ ಬಂದವರನ್ನು ಸೇರಿಸಿಕೊಳ್ಳಲೂ ಇದೇ ದಾರಿ.

ಇನ್ನೊಂದು ಉಲ್ಟಾ ಡ್ರಾಫ್ಟ್. ಇಲ್ಲಿ ಅತಿ ಕೆಟ್ಟ ಕಾರ್ಡುಗಳನ್ನೇ ಹುಡುಕಿ ಆರಿಸಬೇಕು, ಯಾಕೆಂದರೆ ನೀವು ಕಟ್ಟಿದ ಡೆಕ್ಕಿನಲ್ಲಿ ಆಡುವವರು ನಿಮ್ಮ ಎದುರಾಳಿ. ಯಾವ ಕಾರ್ಡ್ ಕೆಲಸಕ್ಕೆ ಬಾರದ್ದು ಅಂತ ತಿಳಿಯಲು ಆಟ ಚೆನ್ನಾಗಿ ಗೊತ್ತಿರಬೇಕು. ಹಾಗಾಗಿ ಹೊಸಬರ ಗುಂಪಿಗೆ ಇದು ಬೇಡ. ಪಳಗಿದ ನಾಲ್ವರು ಕೂತರೆ ಮನೆಯವರೆಲ್ಲ ಬಂದು ಏನಾಯ್ತು ಅಂತ ನೋಡುವಷ್ಟು ನಗು ಇರುತ್ತದೆ.

ಜೋಡಿ ಆಟ ಬೇಕಾದರೆ ಟು-ಹೆಡೆಡ್ ಜೈಂಟ್: ಇಬ್ಬರ ಎದುರು ಇಬ್ಬರು, ಒಂದು ಜೋಡಿಗೆ ಒಟ್ಟು 30 ಪ್ರಾಣ (ಅದು ಸೊನ್ನೆಗೆ ಇಳಿದರೆ ಸೋಲು). ಕಲಿಯುವವರನ್ನು ಬಲ್ಲವರ ಪಕ್ಕ ಕೂರಿಸಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಮ್ಯಾಜಿಕ್ ಆಡುವ ಇನ್ನೊಂದು ಪದ್ಧತಿಯಾದ ಕಮಾಂಡರ್ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು. ನೂರು ಕಾರ್ಡ್, 40 ಪ್ರಾಣ, ಸಾಮಾನ್ಯವಾಗಿ ನಾಲ್ವರು ಒಂದೇ ಮೇಜಿಗೆ. ಸಂಜೆ ಹರಟುತ್ತ ಆಡಲು ಬಲು ಚೆಂದ. ಟೂರ್ನಿಗೆ ಮಾತ್ರ ಬೇಡ. ಆಟ ಎರಡು ಗಂಟೆ ಎಳೆಯಬಹುದು, ಮೊದಲು ಔಟಾದವರು ಅಷ್ಟೂ ಹೊತ್ತು ಗೋಡೆ ನೋಡುತ್ತ ಕೂರಬೇಕು.

ನನಗೆ ಎಲ್ಲಕ್ಕಿಂತ ಪ್ರೀತಿಯದ್ದು ಮನೆಯಲ್ಲೇ ಮಾಡಿದ ಕಾರ್ಡುಗಳನ್ನು ಕ್ಯೂಬ್‌ಗೆ ಬೆರೆಸುವುದು. ಬಿಳಿ ಹಾಳೆಯನ್ನು 63 ಮಿ.ಮೀ. ಅಗಲ, 88 ಮಿ.ಮೀ. ಉದ್ದಕ್ಕೆ ಕತ್ತರಿಸಿ. ಅದರ ಮೇಲೆ ಹೆಸರು, ಬೆಲೆ, ಬಲ, ಒಂದು ನಿಯಮ ಬರೆಯಿರಿ. ಅಪಾರದರ್ಶಕ ಬೆನ್ನಿನ ಸ್ಲೀವಿನಲ್ಲಿ (ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವರಿನಲ್ಲಿ) ಹಳೇ ಲ್ಯಾಂಡ್ ಕಾರ್ಡಿನ ಮುಂದೆ ಈ ಚೀಟಿ ಸಿಕ್ಕಿಸಿದರೆ ಕೈಗೆ ಬೇರೆ ಕಾರ್ಡಿನಂತೆಯೇ ಸಿಗುತ್ತದೆ. ಅಧಿಕೃತ ಟೂರ್ನಿಗಳಲ್ಲಿ ಇದಕ್ಕೆ ಅವಕಾಶವಿಲ್ಲ. ಗೆಳೆಯರ ಮನೆಯಲ್ಲಿ ಬೇಡ ಅನ್ನುವವರು ಯಾರು?

ಆಟಕ್ಕೆ ಬರುವ ಪ್ರತಿಯೊಬ್ಬರೂ ಎರಡೆರಡು ಕಾರ್ಡ್ ಬರೆದು ತರಬೇಕು ಅಂತ ಇಡಿ. ನಮ್ಮ ನೆಲದ್ದೇ ಬರಲಿ. "ಘಟ್ಟದ ಮಂಜು: ಈ ಸರದಿಯಲ್ಲಿ ಯಾವ ದಾಳಿಯಿಂದಲೂ ಪೆಟ್ಟಾಗುವುದಿಲ್ಲ." "ಕರೆಂಟ್ ಹೋಯ್ತು: ಮುಂದಿನ ನಿಮ್ಮ ಸರದಿಯವರೆಗೆ ಎಲ್ಲರೂ ಕೈಯ ಕಾರ್ಡನ್ನು ಬೋರಲು ಹಾಕಿಡಬೇಕು, ನೆನಪಿನ ಮೇಲೆ ಆಡಬೇಕು." "ಮಂಗಟ್ಟೆ ಹಕ್ಕಿ: ಹಾರುತ್ತದೆ. ಇದು ಸತ್ತಾಗ ಡೆಕ್ಕಿನಿಂದ ಒಂದು ಕಾಡಿನ ಲ್ಯಾಂಡ್ ಹುಡುಕಿ ಮೇಜಿಗೆ ಇಡಿ." ಬರೆಯುವಾಗ ಎರಡು ಕಟ್ಟುನಿಟ್ಟು ಇರಲಿ. ಒಂದು ಕಾರ್ಡಿಗೆ ಒಂದೇ ನಿಯಮ. ಆಟದ ಹೊರಗಿನ ಶಿಕ್ಷೆ ಬೇಡ, ಅಂದರೆ "ಸೋತವರು ಕುಣಿಯಬೇಕು" ತರಹದ್ದು. ಸಂಕೋಚದ ಸ್ವಭಾವದವರಿಗೆ ಅದು ಹಿಂಸೆ. ಯಾವುದಾದರೂ ಕಾರ್ಡಿನ ಅರ್ಥದಲ್ಲಿ ಜಗಳ ಬಂದರೆ ಬರೆದವರ ಮಾತೇ ಕೊನೆ. ಬರೆದವರೇ ಆ ಪಂದ್ಯ ಆಡುತ್ತಿದ್ದರೆ ಮೂರನೆಯವರು ಹೇಳಲಿ.

ನಾಕೌಟ್, ಲೀಗ್, ಸ್ವಿಸ್

ನಮ್ಮಲ್ಲಿ ಟೂರ್ನಿ ಅಂದ ತಕ್ಷಣ ಕಣ್ಣಿಗೆ ಬರುವುದು ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿ. ಅಲ್ಲಿ ನಾಕೌಟ್ ನಡೆಯುತ್ತದೆ, ಯಾಕೆಂದರೆ ನೋಡಲು ಊರೇ ಬಂದಿರುತ್ತದೆ, ಸೋತ ತಂಡವೂ ಪ್ರೇಕ್ಷಕರ ಜೊತೆ ಕೂರುತ್ತದೆ. ಎಂಟು ಗೆಳೆಯರ ಮನೆಯಲ್ಲಿ ಅದೇ ಪದ್ಧತಿ ಹಾಕಿದರೆ ಮೊದಲ ಸುತ್ತಿಗೇ ನಾಲ್ವರು ಹೊರಗೆ. ಭಟ್ಕಳದಿಂದ ಬೆಳಗಿನ ರೈಲು ಹಿಡಿದು ಬಂದವರು ಒಂದು ಪಂದ್ಯ ಸೋತು ಸಂಜೆಯವರೆಗೆ ಮೊಬೈಲ್ ನೋಡುತ್ತ ಕೂರಬೇಕೇ? ಅದೂ ಮ್ಯಾಜಿಕ್‌ನಂಥ ಆಟದಲ್ಲಿ. ಎಷ್ಟು ಚೆನ್ನಾಗಿ ಆಡಿದರೂ ಒಂದೊಂದು ಸಲ ಲ್ಯಾಂಡೇ ಬರುವುದಿಲ್ಲ, ಕೈಕಟ್ಟಿ ಕೂತು ಸೋಲುವುದಷ್ಟೇ.

ಲೀಗ್‌ನಲ್ಲಿ ಎಲ್ಲರೂ ಎಲ್ಲರ ಜೊತೆ ಆಡುತ್ತಾರೆ. ನಾಲ್ವರಿದ್ದರೆ ಆರು ಪಂದ್ಯ, ಎರಡು ಮೇಜಿನಲ್ಲಿ ಮೂರು ಸುತ್ತಿಗೆ ಮುಗಿಯಿತು. ಇದಕ್ಕಿಂತ ಚೆಂದದ್ದಿಲ್ಲ. ಐವರಿದ್ದರೂ ನಡೆದೀತು. ಆರು ಜನಕ್ಕೆ ಐದು ಸುತ್ತು ಬೇಕು. ಎಂಟು ಜನ ಅಂದರೆ 28 ಪಂದ್ಯ, ಏಳು ಸುತ್ತು. ಸುತ್ತಿಗೆ ನಲವತ್ತು ನಿಮಿಷ ಹಿಡಿದರೂ ನಾಲ್ಕು ಗಂಟೆ ನಲವತ್ತು ನಿಮಿಷ, ಊಟ ತಿಂಡಿ ಬಿಟ್ಟು. ಕೊನೆಯ ಬಸ್ಸಿನ ಚಿಂತೆ ಇರುವವರಿಗೆ ಇದು ಆಗದ ಮಾತು.

ಆರು ದಾಟಿದರೆ ಸ್ವಿಸ್ ಪದ್ಧತಿಗೆ ಬನ್ನಿ. ಚೆಸ್ ಟೂರ್ನಿಗೆ ಹೋದವರಿಗೆ ಇದು ಗೊತ್ತು. ಮೊದಲ ಸುತ್ತಿಗೆ ಚೀಟಿ ಎತ್ತಿ ಜೋಡಿ ಮಾಡಿ. ಎರಡನೇ ಸುತ್ತಿನಲ್ಲಿ ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು. ಮೂರನೆಯದರಲ್ಲೂ ಸಮಾನ ಅಂಕದವರು ಎದುರು ಬದುರು, ಆದರೆ ಒಮ್ಮೆ ಆಡಿದ ಜೋಡಿ ಮತ್ತೆ ಬರಬಾರದು. ಗೆಲುವಿಗೆ 3 ಅಂಕ, ಡ್ರಾಗೆ 1. ಎಂಟು ಜನ ಮೂರು ಸುತ್ತು ಆಡಿದರೆ, ಡ್ರಾ ಆಗದ ಪಕ್ಷದಲ್ಲಿ, ಮೂರೂ ಗೆದ್ದವರು ಸರಿಯಾಗಿ ಒಬ್ಬರೇ ಉಳಿಯುತ್ತಾರೆ. ಯಾರೂ ಮಧ್ಯದಲ್ಲಿ ಹೊರಗೆ ಬೀಳುವುದಿಲ್ಲ. ಸೋಲುತ್ತಿರುವ ಹೊಸಬರಿಗೆ ತಮ್ಮ ಮಟ್ಟದವರೇ ಎದುರಾಗುತ್ತಾರೆ, ಒಂದು ಪಂದ್ಯವಾದರೂ ಗೆದ್ದು ಮನೆಗೆ ಹೋಗುವ ಅವಕಾಶ ಜಾಸ್ತಿ. ಸಂಖ್ಯೆ ಬೆಸವಾದರೆ ಕಡಿಮೆ ಅಂಕದವರಿಗೆ ಬೈ ಕೊಡಿ, ಅಂದರೆ ಆ ಸುತ್ತಿಗೆ ಅವರಿಗೆ ಎದುರಾಳಿ ಇಲ್ಲ, ಅದು ಗೆಲುವಿನ ಲೆಕ್ಕ. ಒಬ್ಬರಿಗೇ ಎರಡು ಸಲ ಬೈ ಬೇಡ. ಅಂಕ ಸಮ ಬಂದರೆ, ಯಾರ ಎದುರಾಳಿಗಳು ಒಟ್ಟು ಜಾಸ್ತಿ ಅಂಕ ಗಳಿಸಿದ್ದಾರೋ ಅವರು ಮೇಲೆ. ಇಷ್ಟಕ್ಕೆ ಆ್ಯಪ್ ಏನೂ ಬೇಡ, ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಮಳೆಗಾಲದಲ್ಲಿ ನೆಟ್‌ವರ್ಕ್ ನಂಬಿ ಕೂರುವುದಕ್ಕಿಂತ ಅದೇ ವಾಸಿ.

ಸಮಯ ಇದ್ದರೆ ಪಂದ್ಯಕ್ಕೆ ಮೂರರಲ್ಲಿ ಎರಡು ಆಟ ಗೆಲ್ಲುವ ಲೆಕ್ಕ ಇಡಿ, ಅದೃಷ್ಟದ ಪಾಲು ಕಡಿಮೆಯಾಗುತ್ತದೆ. ಮ್ಯಾಜಿಕ್‌ನ ಅಧಿಕೃತ ಸುತ್ತು 50 ನಿಮಿಷದ್ದು. ಮನೆ ಟೂರ್ನಿಗೂ ಅಷ್ಟೇ ಇಟ್ಟುಕೊಳ್ಳಿ. ಡ್ರಾಫ್ಟ್‌ಗೆ, ಡೆಕ್ ಕಟ್ಟಲು ಒಂದು ಗಂಟೆ, ಮೇಲೆ ಮೂರು ಸುತ್ತು. ಬೆಳಿಗ್ಗೆ ಹತ್ತಕ್ಕೆ ಕೂತರೆ ಊಟ ಸೇರಿ ನಾಲ್ಕೂವರೆ ಒಳಗೆ ಮುಗಿಯುತ್ತದೆ.

ಎಲ್ಲಿ, ಯಾವಾಗ

ಕಾರವಾರದವರು ಟಾಗೋರ್ ಕಡಲತೀರದಲ್ಲಿ ಆಡೋಣ ಅನ್ನುತ್ತಾರೆ. ಬೇಡ. ಗಾಳಿಗೆ ಕಾರ್ಡ್ ಹಾರುತ್ತದೆ, ಸ್ಲೀವಿನೊಳಗೆ ಒಂದು ಮರಳಿನ ಕಣ ಹೊಕ್ಕರೆ ಕಲೆಸಿದ ಹಾಗೆಲ್ಲ ಕಾರ್ಡಿನ ಮೈಗೆ ಗೀರು. ಆಟ ಮುಗಿಸಿ ಸಂಜೆ ಅಲ್ಲಿಗೆ ಹೋಗಿ. ಶಿರಸಿ ಕಡೆಯ ಮನೆಯ ಅಗಲವಾದ ಜಗುಲಿ ಕಾರ್ಡ್ ಆಟಕ್ಕೆ ಹೇಳಿ ಮಾಡಿಸಿದ್ದು. ನೆಲದಲ್ಲಿ ಚಾಪೆ ಹಾಸಿ ನಾಲ್ಕು ಜೋಡಿ ಆರಾಮಾಗಿ ಕೂರಬಹುದು, ಬೆಳಕೂ ಚೆನ್ನಾಗಿರುತ್ತದೆ. ಎರಡೂ ಕಡೆಯವರಿಗೆ ನ್ಯಾಯವಾಗಬೇಕು ಅಂದರೆ ಕುಮಟಾ. ಶಿರಸಿಯಿಂದ ಸುಮಾರು 60 ಕಿ.ಮೀ., ಕರಾವಳಿಯವರಿಗೆ ರೈಲೂ ಇದೆ. ಜೋರು ಮಳೆಯ ದಿನ ಮಾತ್ರ ದೇವಿಮನೆ ಘಟ್ಟದ ಸುದ್ದಿ ವಿಚಾರಿಸಿಕೊಂಡು ಹೊರಡಿ.

ತೋಟ ಇರುವವರನ್ನು ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಕರೆದು ಪ್ರಯೋಜನವಿಲ್ಲ. ಏಪ್ರಿಲ್, ಮೇ ಮದುವೆಗಳಿಗೆ ಹೋಯಿತು. ಉಳಿಯುವುದು ಮಳೆಗಾಲದ ಭಾನುವಾರಗಳು. ಆಗ ಜನ ಸಿಗುತ್ತಾರೆ, ಆದರೆ ಕಾರ್ಡಿಗೆ ತೇವದ ಕಾಟ. ಹೊಳೆಯುವ ಫಾಯಿಲ್ ಕಾರ್ಡನ್ನು ಜುಲೈನಲ್ಲಿ ಮೇಜಿನ ಮೇಲೆ ಇಟ್ಟು ಪಕ್ಕದಿಂದ ನೋಡಿ, ಎರಡು ಅಂಚೂ ಮೇಲೆದ್ದು ಬಿಲ್ಲಿನಂತೆ ಬಾಗಿರುತ್ತದೆ. ಕಾಗದದ ಪದರ ತೇವ ಹೀರಿ ಹಿಗ್ಗುತ್ತದೆ, ಫಾಯಿಲ್ ಪದರ ಹಿಗ್ಗುವುದಿಲ್ಲ, ಅದಕ್ಕೇ ಈ ಬಾಗು. ಡೆಕ್ಕಿನೊಳಗೆ ಅಂಥದ್ದೊಂದಿದ್ದರೆ ಅದು ಎಲ್ಲಿದೆ ಅಂತ ಎದುರಿನವರಿಗೂ ಕಾಣುತ್ತದೆ, ಗುರುತು ಮಾಡಿದ ಎಲೆಯ ಹಾಗಾಯಿತು. ಹಾಗಾಗಿ ಕರಾವಳಿಯ ಕ್ಯೂಬ್‌ಗೆ ಫಾಯಿಲ್ ಬೇಡವೇ ಬೇಡ. ಕಾರ್ಡ್ ಡಬ್ಬಿ ಗಾಳಿಯಾಡದ್ದಾಗಿರಲಿ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಸ್ಲೀವ್ ಕೊಳ್ಳುವಾಗ ಅಳತೆ ನೋಡಿ: ಮ್ಯಾಜಿಕ್, ಪೋಕೆಮಾನ್ ಎರಡಕ್ಕೂ 63×88ರ ಕಾರ್ಡಿನ ಸ್ಲೀವ್ ಆಗುತ್ತದೆ, ಯು-ಗಿ-ಓ ಕಾರ್ಡ್ 59×86, ಸ್ವಲ್ಪ ಚಿಕ್ಕದು. ಬಜ್ಜಿ, ಚಹಾ ಸುತ್ತುಗಳ ನಡುವೆ ಮಾತ್ರ. ಕೈ ತೊಳೆದು ಕೂರಿ.

ಬಹುಮಾನ

ದುಡ್ಡು ಕಟ್ಟಿ ಆಡಬೇಡಿ. ಮನೆಯ ಹಿರಿಯರ ಕಣ್ಣಿಗೆ ಎಲೆ ಹಿಡಿದು ಕೂತವರೆಲ್ಲ ಜುಗಾರಿ ಆಡುವವರೇ. ಜಗುಲಿ ಕೊಟ್ಟ ಮನೆಗೆ ಆ ಮುಜುಗರ ಬೇಡ. ತಲಾ ಒಂದಿಷ್ಟು ಹಾಕಿದರೆ ಅದು ಊಟಕ್ಕೆ, ಕೆಲವು ಪ್ಯಾಕಿಗೆ ಹೋಗಲಿ.

ಗೆದ್ದವರಿಗೇ ಎಲ್ಲ ಪ್ಯಾಕ್ ಕೊಡುವುದು ಒಂದು ಕ್ರಮ, ಎಲ್ಲರಿಗೂ ಒಂದೊಂದು ಹಂಚುವುದು ಇನ್ನೊಂದು. ಮೊದಲನೆಯದರಲ್ಲಿ ಏಳು ಜನರಿಗೆ ಏನೂ ಇಲ್ಲ. ಎರಡನೆಯದರಲ್ಲಿ ಗೆದ್ದಿದ್ದಕ್ಕೆ ಏನೂ ಇಲ್ಲ. ನಾನು ಹೇಳುವ ದಾರಿ ಹೀಗೆ: ಎಲ್ಲ ಪ್ಯಾಕ್ ಒಡೆದು ಕಾರ್ಡುಗಳನ್ನು ಚಾಪೆಯ ಮೇಲೆ ಮುಖ ಮೇಲಾಗಿ ಹರಡಿ. ಮೊದಲ ಸ್ಥಾನದವರು ಒಂದು ಆರಿಸಲಿ, ಆಮೇಲೆ ಎರಡನೆಯವರು, ಹೀಗೆ ಕೊನೆಯವರೆಗೆ. ಕೊನೆಯವರು ಒಟ್ಟಿಗೆ ಎರಡು ಆರಿಸಿ ಅಲ್ಲಿಂದ ಸರದಿ ವಾಪಸ್ ಮೇಲಕ್ಕೆ ಹೋಗಲಿ. ಎರಡು ಮೂರು ಸಲ ಹೀಗೆ ಹೋಗಿ ಬಂದರೆ ಬೇಕಾದ್ದೆಲ್ಲ ಬೇಕಾದವರ ಕೈ ಸೇರಿರುತ್ತದೆ. ಚಾಪೆಯ ಮೇಲೆ ಉಳಿದ ಕಾಮನ್ ಕಾರ್ಡುಗಳು ಕ್ಯೂಬ್ ಡಬ್ಬಿಗೆ.